ಆಟ ಬಿಡಬೇಡಿ, ದಿನಾ ಜೊತೆಗಾರರನ್ನು ಬದಲಿಸುವುದನ್ನು ಬಿಡಿ

ಪ್ರಶ್ನೆ: ನನಗೆ 27 ವರ್ಷ. ಊರು ದಾವಣಗೆರೆ. ಮೂರು ವರ್ಷದಿಂದ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ, ಬಿಟಿಎಂ ಲೇಔಟ್‌ನಲ್ಲಿ ಪಿಜಿ. ದಿನಾ ರಾತ್ರಿ 9ರಿಂದ 11.30ರವರೆಗೆ ಲ್ಯಾಪ್‌ಟಾಪಿನಲ್ಲಿ ವ್ಯಾಲೊರಂಟ್ ಅನ್ನುವ, ಐದೈದು ಜನರ ಎರಡು ತಂಡಗಳ ಆನ್‌ಲೈನ್ ಶೂಟಿಂಗ್ ಗೇಮ್ ಆಡುತ್ತೇನೆ. ಅದೊಂದೇ ನನ್ನ ಹವ್ಯಾಸ. ಕಾಲೇಜಿನ ಗೆಳತಿಯರಲ್ಲಿ ಇಬ್ಬರಿಗೆ ಮದುವೆಯಾಯಿತು, ಒಬ್ಬಳು ಕೆನಡಾಕ್ಕೆ ಹೋದಳು. ಬೆಂಗಳೂರಿನಲ್ಲಿ ನನ್ನವರು ಅಂತ ಒಬ್ಬರೂ ಇಲ್ಲ. ಆಫೀಸಿನಲ್ಲಿ ಹವ್ಯಾಸ ಏನು ಅಂತ ಕೇಳಿದರೆ ‘ಪುಸ್ತಕ ಓದ್ತೀನಿ’ ಅಂತ ಸುಳ್ಳು ಹೇಳುತ್ತೇನೆ. ಆಟದಲ್ಲಿ ಮೈಕ್ ಆನ್ ಮಾಡುವುದಿಲ್ಲ. ಹುಡುಗಿ ಅಂತ ಗೊತ್ತಾದ ಮೇಲೆ ಏನೇನು ಕೇಳಿಸಿಕೊಳ್ಳಬೇಕು ಅನ್ನುವ ಅನುಭವ ಒಂದೆರಡು ಸಲ ಆಗಿದೆ. ‘ಅದು ಚಟ, ಆ ಗೇಮ್ ಬಿಡು, ಫ್ರೆಂಡ್ಸ್ ತಾನಾಗೇ ಸಿಗ್ತಾರೆ’ ಅಂತ ಅಣ್ಣ ಬೈಯುತ್ತಾನೆ. ಹದಿನೈದು ದಿನ ಬಿಟ್ಟು ನೋಡಿದೆ. ಯಾರೂ ಸಿಗಲಿಲ್ಲ. ಆ ಹೊತ್ತಿನಲ್ಲಿ ರೀಲ್ಸ್ ನೋಡಿದೆ ಅಷ್ಟೇ. ನನ್ನದು ನಿಜಕ್ಕೂ ಚಟವಾ? ಆನ್‌ಲೈನ್ ಸ್ನೇಹ ಸ್ನೇಹ ಅಂತ ಲೆಕ್ಕಕ್ಕೆ ಬರುತ್ತಾ? ಕೊಯಮತ್ತೂರಿನ ಒಬ್ಬರು ನಾಲ್ಕು ತಿಂಗಳಿಂದ ವಾರಕ್ಕೆರಡು ಸಲ ನನ್ನ ಜೊತೆ ಆಡುತ್ತಾರೆ. ಟೈಪ್ ಮಾಡಿ ಮಾತಾಡುತ್ತೇವೆ, ಹೆಸರು ಕೂಡ ಗೊತ್ತಿಲ್ಲ. ಮೊನ್ನೆ ‘ಮುಂದಿನ ತಿಂಗಳು ಬೆಂಗಳೂರಿಗೆ ಬರ್ತಿದ್ದೀನಿ, ಕಾಫಿಗೆ ಸಿಗೋಣ್ವಾ’ ಅಂದರು. ಹೋಗಲಾ?
ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಆ ಹದಿನೈದು ದಿನದ ಮಾತನ್ನು. ಅಣ್ಣ ಹೇಳಿದಂತೆ ಆಟ ಬಿಟ್ಟಿರಿ. ಆಟ ಹೋಯಿತು, ಗೆಳೆಯರು ಬರಲಿಲ್ಲ. ಅಂದರೆ ಸ್ನೇಹಕ್ಕೆ ಅಡ್ಡವಾಗಿದ್ದದ್ದು ಆಟ ಅಲ್ಲ ಅಂತ ನೀವೇ ಪರೀಕ್ಷೆ ಮಾಡಿ ನೋಡಿದ್ದೀರಿ. ಇದನ್ನು ಅಣ್ಣನಿಗೂ ಹೇಳಿ.

ನಿಮ್ಮ ನಿಜವಾದ ಅಳುಕು ಬೇರೆ ಅಂತ ನನಗನ್ನಿಸುತ್ತದೆ. ‘ಗೇಮ್ ಬಿಟ್ಟರೆ ನನಗೆ ಬೇರೆ ಮಾತಿಲ್ಲ, ಇಂಥವಳ ಜೊತೆ ಯಾರು ಸೇರ್ತಾರೆ’ ಅನ್ನುವುದು. ಆಫೀಸಿನಲ್ಲಿ ಹೇಳುವ ಆ ಪುಸ್ತಕದ ಸುಳ್ಳು ಹುಟ್ಟಿದ್ದೂ ಅಲ್ಲಿಂದಲೇ. ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬರುವ ನಿಮ್ಮ ವಯಸ್ಸಿನವರಲ್ಲಿ ಈ ಅಳುಕನ್ನು ಬಹಳ ಸಲ ನೋಡಿದ್ದೇನೆ. ಕೆಲಸಕ್ಕೆ ಅಂತ ಊರು ಬಿಟ್ಟು ಬಂದವರು, ಕಾಲೇಜಿನ ಗುಂಪು ಚದುರಿಹೋದವರು ಒಂಟಿತನಕ್ಕೆ ಕಾರಣವನ್ನು ತಮ್ಮ ಸ್ವಭಾವದಲ್ಲೇ ಹುಡುಕುತ್ತಾರೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಹೇಳಿತು. ಅವರೆಲ್ಲ ಗೇಮ್ ಆಡುವವರಲ್ಲ.

ಮೊದಲು ಚಟದ ವಿಷಯ ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಅನ್ನುವುದು ಇದೆ, 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಅಲ್ಲಿ ನೋಡುವುದು ಎಷ್ಟು ಗಂಟೆ ಆಡುತ್ತೀರಿ ಅಂತ ಅಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯಾ? ಊಟ, ನಿದ್ದೆ, ಕೆಲಸ, ಮನೆಯವರು ಎಲ್ಲಕ್ಕಿಂತ ಆಟವೇ ಮೇಲಾಗಿದೆಯಾ? ಹಾಳಾಗುತ್ತಿದೆ ಅಂತ ಗೊತ್ತಿದ್ದೂ ನಿಲ್ಲಿಸಲು ಆಗುತ್ತಿಲ್ಲವಾ? ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನಡೆದಿರಬೇಕು, ಬದುಕಿಗೆ ದೊಡ್ಡ ಪೆಟ್ಟು ಕೊಟ್ಟಿರಬೇಕು. ನೀವು ಕೆಲಸಕ್ಕೆ ಹೋಗುತ್ತಿದ್ದೀರಿ. 11.30ಕ್ಕೆ ಮುಚ್ಚಿಟ್ಟು ಮಲಗುತ್ತೀರಿ. ಹದಿನೈದು ದಿನ ಬಿಡಬೇಕು ಅಂದುಕೊಂಡು ಬಿಟ್ಟೂ ಇದ್ದಿರಿ. ಪತ್ರದಲ್ಲಿ ಬರೆದಷ್ಟನ್ನು ನೋಡಿದರೆ ಇದಕ್ಕೆ ಚಟ ಅನ್ನುವ ಹೆಸರು ಹೊಂದುವುದಿಲ್ಲ.

ಅಣ್ಣನ ಭಯಕ್ಕೆ ಇನ್ನೊಂದು ಕಾರಣ ಇರಬಹುದು. ಎಷ್ಟೋ ಮನೆಗಳಲ್ಲಿ ‘ಆನ್‌ಲೈನ್ ಗೇಮ್’ ಅಂದ ಕೂಡಲೇ ಕಣ್ಣಮುಂದೆ ಬರುವುದು ರಮ್ಮಿ, ಬೆಟ್ಟಿಂಗ್, ಸಾಲ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ಅದು ಬೇರೆ, ಇದು ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್‌ಗಳಿಗೆ, ಮಾನ್ಯತೆಯನ್ನೂ ಕೊಟ್ಟಿತು. ಊರಿಗೆ ಹೋದಾಗ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮ್ಯಾಚ್ ತೋರಿಸಿ. ನೀವು ದಿನಾ ಏನು ಮಾಡುತ್ತೀರಿ ಅಂತ ಅವರು ಬಹುಶಃ ಒಮ್ಮೆಯೂ ನೋಡಿಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ಒಂದು ಸಣ್ಣ ಲೆಕ್ಕ ಹಾಕೋಣ. ಎರಡೂವರೆ ಗಂಟೆಯಲ್ಲಿ ಸುಮಾರು ನಾಲ್ಕು ಮ್ಯಾಚ್. ಒಂದೊಂದು ಮ್ಯಾಚಿನಲ್ಲೂ ನಿಮ್ಮ ಕಡೆ ನಾಲ್ಕು ಜನ, ಎದುರು ಐದು ಜನ. ಅಂದರೆ ರಾತ್ರಿಗೆ 36 ಜನ. ತಿಂಗಳಿಗೆ ಸಾವಿರಕ್ಕೂ ಜಾಸ್ತಿ. ಮೂರು ವರ್ಷದಲ್ಲಿ ನೀವು ಎಷ್ಟು ಸಾವಿರ ಜನರ ಜೊತೆ ಆಡಿರಬಹುದು ನೋಡಿ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ದಿನಾ ಎರಡೂವರೆ ಗಂಟೆ ನಿಂತರೆ ಹೇಗೋ ಹಾಗೆ. ಎದುರಿಗೆ ಜನವೋ ಜನ, ಆದರೆ ಯಾರೂ ಎರಡನೇ ಸಲ ಸಿಗುವುದಿಲ್ಲ. ಅದೇ ದಿನಾ ಬೆಳಗ್ಗೆ ಒಂದೇ ಹೊತ್ತಿನ ಬಸ್ ಹತ್ತುವವರನ್ನು ನೋಡಿ. ಒಂದು ತಿಂಗಳಿಗೆ ಮುಖ ಪರಿಚಯ, ಎರಡು ತಿಂಗಳಿಗೆ ಒಂದು ನಗು. ಆರು ತಿಂಗಳಾದ ಮೇಲೆ ಒಂದು ದಿನ ಬರದಿದ್ದರೆ ‘ಯಾಕೆ ನಿನ್ನೆ ಕಾಣಲಿಲ್ಲ’ ಅಂತ ಕೇಳುತ್ತಾರೆ. ಸ್ನೇಹಕ್ಕೆ ಹೊಸ ಹೊಸ ಜನ ಬೇಕಿಲ್ಲ. ಅದೇ ಜನ ಮತ್ತೆ ಮತ್ತೆ ಸಿಗಬೇಕು. ನಿಮ್ಮ ಆಟದ ಮ್ಯಾಚ್‌ಮೇಕಿಂಗ್ ಸರಿಸಮ ಶಕ್ತಿಯ ಅಪರಿಚಿತರನ್ನು ಬೇಗ ಒಟ್ಟು ಹಾಕುತ್ತದೆ, ಮ್ಯಾಚ್ ಮುಗಿದ ಕೂಡಲೇ ಚದುರಿಸಿಬಿಡುತ್ತದೆ. ಆಟಕ್ಕೆ ಅದು ಒಳ್ಳೆಯದೇ. ಸ್ನೇಹಕ್ಕಲ್ಲ.

ಹಿಂದೆ ಸೈಬರ್ ಕೆಫೆಗಳಲ್ಲಿ ಕೌಂಟರ್ ಸ್ಟ್ರೈಕ್ ಆಡುತ್ತಿದ್ದ ಹುಡುಗರಿಗೆ ಈ ತೊಂದರೆ ಇರಲಿಲ್ಲ. ಕೆಫೆ ಒಂದೇ, ಕಾಲೇಜು ಬಿಡುವ ಹೊತ್ತೂ ಒಂದೇ. ಸೋತವನು ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದ. ಹೊರಗೆ ಬಂದು ಎಲ್ಲ ಸೇರಿ ಟೀ ಕುಡಿಯುತ್ತಿದ್ದರು. ಈಗ ಆಟ ಪಿಜಿಯ ಕೋಣೆಗೇ ಬಂದಿದೆ. ಆ ಪಕ್ಕದ ಕುರ್ಚಿಯನ್ನು ನಾವೇ ಹಾಕಿಕೊಳ್ಳಬೇಕು.

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವ ಪ್ರೊಫೆಸರ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಊರಿಗೆ ಬಂದವರು, ಹೊಸದಾಗಿ ಕಾಲೇಜು ಸೇರಿದವರು ಸ್ನೇಹಿತರಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಿದರು. ಪರಿಚಯದಿಂದ ಸಾಧಾರಣ ಸ್ನೇಹಕ್ಕೆ ಸುಮಾರು 50 ಗಂಟೆ, ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ಗಂಟೆಗಿಂತ ಜಾಸ್ತಿ. ಕೆಲಸದ ಜಾಗದಲ್ಲಿ ಜೊತೆಗಿದ್ದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಆರಾಮಾಗಿ, ಇಷ್ಟಪಟ್ಟು ಕಳೆದ ಹೊತ್ತೇ ಮುಖ್ಯ. ಈಗ ನಿಮ್ಮ ದಿನಚರಿ ನೋಡಿ. ಅದೇ ನಾಲ್ಕು ಜನರ ಜೊತೆ ವಾರಕ್ಕೆ ಎರಡು ರಾತ್ರಿ ಆಡಿದರೆ ಐದು ಗಂಟೆ. ಹತ್ತು ವಾರಕ್ಕೆ 50 ಗಂಟೆ. ಉಳಿದ ಐದು ರಾತ್ರಿ ಎಂದಿನಂತೆ ಒಬ್ಬರೇ ಆಡಿಕೊಳ್ಳಿ. ಇಷ್ಟಪಟ್ಟು ಕಳೆಯುವ ಹೊತ್ತು ಎಷ್ಟೋ ಜನಕ್ಕೆ ಸಿಗುವುದೇ ಇಲ್ಲ, ನಿಮಗೆ ಅದು ದಿನಾ ಇದೆ.

‘ಆನ್‌ಲೈನ್ ಸ್ನೇಹ ಸ್ನೇಹವಾ’ ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ನಾರ್ವೆಯಲ್ಲಿ ಮಾಟ್ಸ್ ಸ್ಟೀನ್ ಅನ್ನುವ ಹುಡುಗ ಇದ್ದ. ಸ್ನಾಯುಗಳ ಬಲ ಮೆಲ್ಲಗೆ ಕುಗ್ಗಿಸುವ ಡುಶೆನ್ ಕಾಯಿಲೆ ಅವನಿಗೆ. ಗಾಲಿ ಕುರ್ಚಿಯಲ್ಲಿ ಕೂತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಆಟ ಆಡುತ್ತಿದ್ದ. 2014ರಲ್ಲಿ, 25ನೇ ವಯಸ್ಸಿನಲ್ಲಿ ತೀರಿಕೊಂಡ. ಮಗ ಸ್ನೇಹ, ಪ್ರೀತಿ ಏನೂ ಕಾಣದೆ ಹೋದ ಅಂತ ಅಪ್ಪ ಅಮ್ಮ ಕೊರಗುತ್ತಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಬರೆದಾಗ ಯುರೋಪಿನ ಬೇರೆ ಬೇರೆ ಊರುಗಳಿಂದ ಪತ್ರಗಳು ಬಂದವು. ಕೆಲವರು ಅಂತ್ಯಕ್ರಿಯೆಗೇ ಬಂದರು. ಅವನು ತಮ್ಮ ಕಷ್ಟ ಕೇಳಿದ್ದ, ಧೈರ್ಯ ಹೇಳಿದ್ದ ಅಂತ ಅವರು ಹೇಳಿದಾಗಲೇ ಹೆತ್ತವರಿಗೆ ಗೊತ್ತಾದದ್ದು. ಅವನು ವರ್ಷಗಟ್ಟಲೆ ಒಂದೇ ಗಿಲ್ಡ್‌ನ, ಅಂದರೆ ಆಟಗಾರರ ಕೂಟದ, ಅದೇ ಜನರ ಜೊತೆ ಇದ್ದ. ದಿನಾ ಹೊಸಬರ ಜೊತೆ ಆಡಿದ್ದಿದ್ದರೆ ಆ ಪತ್ರಗಳನ್ನು ಯಾರು ಬರೆಯುತ್ತಿದ್ದರು? ಆದರೂ ಒಂದು ಮಾತು ಹೇಳಬೇಕು. ಜ್ವರ ಬಂದ ದಿನ ಗಂಜಿ ತಂದುಕೊಡಲು ಕೊಯಮತ್ತೂರಿನವರಿಗೆ ಆಗುವುದಿಲ್ಲ. ಊರಲ್ಲೇ ಒಬ್ಬಿಬ್ಬರು ಬೇಕು. ಎರಡೂ ಬೇಕು.

ಈಗ ಮೈಕ್. ಮೂರು ವರ್ಷ ಮಾತಿಲ್ಲದೆ ಆಡಿದ್ದೀರಿ. ನೀವು ಹಾಗೆ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಹುಡುಗಿ ಅಂತ ಗೊತ್ತಾದ ಕೂಡಲೇ ಕೊಳಕು ಮಾತು, ಬೇಡದ ಪ್ರಶ್ನೆ, ಇಲ್ಲದಿದ್ದರೆ ಬೇಡದ ಉಪಚಾರ. ಇದನ್ನು ನನ್ನ ಹತ್ತಿರ ಹೇಳಿಕೊಂಡ ಹುಡುಗಿಯರು ಬಹಳ ಜನ. ನೀವು ನಿಮ್ಮನ್ನು ಕಾಪಾಡಿಕೊಂಡಿರಿ. ಆದರೆ ಆ ಬೀಗ ಕೆಟ್ಟವರನ್ನೂ ತಡೆಯಿತು, ಒಳ್ಳೆಯವರನ್ನೂ ತಡೆಯಿತು. ದನಿ ಕೇಳದೆ, ನಗು ಕೇಳದೆ ಹತ್ತಿರವಾಗುವುದು ಕಷ್ಟ. ಹಾಗಂತ ನಾಳೆಯಿಂದ ಎಲ್ಲರೆದುರು ಮೈಕ್ ಆನ್ ಮಾಡಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಆಟದಲ್ಲೇ ಒಂದು ದಾರಿ ಇದೆ. ಇಡೀ ತಂಡಕ್ಕೆ ಕೇಳುವ ಟೀಮ್ ವಾಯ್ಸ್ ಬೇರೆ, ನೀವು ಸೇರಿಸಿಕೊಂಡವರಿಗೆ ಮಾತ್ರ ಕೇಳುವ ಪಾರ್ಟಿ ವಾಯ್ಸ್ ಬೇರೆ. ಟೀಮ್ ವಾಯ್ಸ್ ಆಫ್ ಮಾಡಿ, ನೀವೇ ಕರೆದುಕೊಂಡ ಪಾರ್ಟಿಯಲ್ಲಿ ಮಾತ್ರ ಮಾತಾಡಿ. ಆಗ ನಿಮ್ಮ ದನಿ ಯಾರಿಗೆ ಕೇಳಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ.

ಆ ಪಾರ್ಟಿಗೆ ಜನ ಎಲ್ಲಿಂದ? ಮ್ಯಾಚ್ ನಡೆಯುವಾಗ ಗಮನಿಸಿ. ಸೋಲುವಾಗ ಯಾರು ಬೈಯುವುದಿಲ್ಲವೋ, ಬೇರೆಯವರು ತಪ್ಪು ಮಾಡಿದಾಗ ಯಾರು ‘ಪರ್ವಾಗಿಲ್ಲ, ಮುಂದಿನ ರೌಂಡ್’ ಅಂತಾರೋ, ಅಂಥವರಿಗೆ ಮಾತ್ರ ಫ್ರೆಂಡ್ ರಿಕ್ವೆಸ್ಟ್ ಕಳಿಸಿ. ಚೆನ್ನಾಗಿ ಆಡುವವರನ್ನೇ ಆರಿಸಬೇಡಿ. ಗೆಲ್ಲುವಾಗ ಎಲ್ಲರೂ ಒಳ್ಳೆಯವರೇ, ಮನುಷ್ಯರ ಗುಣ ಗೊತ್ತಾಗುವುದು 3-9ರಲ್ಲಿ ಹಿಂದಿರುವಾಗ. ಹತ್ತು ಜನಕ್ಕೆ ಕಳಿಸಿದರೆ ಮೂವರು ಉಳಿಯಬಹುದು, ಅಷ್ಟು ಸಾಕು. ಐದು ಜನ ಆದ ಮೇಲೆ ‘ಪ್ರೀಮಿಯರ್’ ಮೋಡ್‌ಗೆ ಒಂದು ಟೀಮ್ ಮಾಡಿಕೊಳ್ಳಿ. ಅದರಲ್ಲಿ ಅದೇ ಟೀಮ್ ವಾರ ವಾರ ಗೊತ್ತಾದ ಹೊತ್ತಿಗೆ ಬಂದು ಆಡಬೇಕು. ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ಆ ಒಂದು ನಿಯಮದಲ್ಲೇ ಇದೆ.

ಭಾಷೆಯ ವಿಷಯವನ್ನೂ ಹಗುರ ಮಾಡಬೇಡಿ. ಮುಂಬೈ ಸರ್ವರ್‌ನಲ್ಲಿ ಜಾಸ್ತಿ ಕೇಳುವುದು ಹಿಂದಿ, ಇಂಗ್ಲಿಷ್. ‘ಎಡಕ್ಕೆ ಇಬ್ಬರು’ ಅಂತ ಹೇಳಲು ಯಾವ ಭಾಷೆಯಾದರೂ ಆದೀತು. ಆದರೆ ‘ಇವತ್ತು ಆಫೀಸಿನಲ್ಲಿ ಬೇಜಾರಾಯ್ತು ಕಣೇ’ ಅಂತ ಹೇಳಲು ನಿಮ್ಮ ದಾವಣಗೆರೆ ಕನ್ನಡವೇ ಬೇಕು. ಕನ್ನಡದಲ್ಲಿ ಆಟ ಸ್ಟ್ರೀಮ್ ಮಾಡುವವರು ಯೂಟ್ಯೂಬ್‌ನಲ್ಲಿದ್ದಾರೆ. ಅವರಲ್ಲಿ ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನಲ್ಲಿ ಗುಂಪು ಇಟ್ಟುಕೊಂಡವರೂ ಇದ್ದಾರೆ. ಸೇರುವ ಮೊದಲು ಒಂದು ವಾರ ಸುಮ್ನೆ ನೋಡಿ. ಯಾರೋ ಹುಡುಗಿಯ ಬಗ್ಗೆ ಕೆಟ್ಟದಾಗಿ ಬರೆದಾಗ ಗುಂಪು ನಡೆಸುವವರು ಏನು ಮಾಡುತ್ತಾರೆ? ತೆಗೆದುಹಾಕುತ್ತಾರಾ, ನಗುತ್ತಾರಾ? ನಗುವ ಗುಂಪಿನಿಂದ ಹೊರಗೆ ಬನ್ನಿ. ಹುಡುಗಿಯರದ್ದೇ ಗುಂಪುಗಳೂ ಇವೆ. ವ್ಯಾಲೊರಂಟ್ ತಯಾರಿಸುವ ರಯಟ್ ಗೇಮ್ಸ್ 2021ರಲ್ಲಿ ಹೆಂಗಸರಿಗೆ ಮತ್ತು ಲಿಂಗ ಅಲ್ಪಸಂಖ್ಯಾತರಿಗೆ ಅಂತಲೇ ‘ಗೇಮ್ ಚೇಂಜರ್ಸ್’ ಪಂದ್ಯಗಳನ್ನು ಶುರು ಮಾಡಿತು. ಅದನ್ನು ಹಿಂಬಾಲಿಸುವವರ ಗುಂಪುಗಳಲ್ಲಿ ಮೈಕ್ ಆನ್ ಮಾಡಲು ಅಷ್ಟು ಭಯಪಡಬೇಕಾಗಿ ಬರುವುದಿಲ್ಲ.

ಇದರಲ್ಲಿ ಅಪಾಯಗಳಿಲ್ಲ ಅಂತಲ್ಲ. ಸ್ವಲ್ಪ ಸ್ನೇಹ ಬೆಳೆದ ಮೇಲೆ ಅಕೌಂಟ್ ಪಾಸ್‌ವರ್ಡ್ ಕೇಳುವವರು, ‘ಒಂದು ಸ್ಕಿನ್ ಕೊಡ್ಸು’ (ಆಟದ ಗನ್ನಿಗೆ ದುಡ್ಡು ಕೊಟ್ಟು ಹಾಕಿಸುವ ಹೊಸ ರೂಪ) ಅನ್ನುವವರು, ತುರ್ತು ಅಂತ ಹೇಳಿ ದುಡ್ಡು ಹಾಕಿಸಿಕೊಳ್ಳುವವರು ಸಿಗುತ್ತಾರೆ. ಮೂರಕ್ಕೂ ಇಲ್ಲ ಅನ್ನಿ, ಕಾರಣ ಕೊಡಬೇಕಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪಿಜಿಯ ವಿಳಾಸ, ಆಫೀಸಿನ ಹೆಸರು, ಫೋಟೋ ಆಟದ ಗುಂಪಿನಲ್ಲಿ ಬೇಡ. ನಿಮ್ಮ ಸ್ನೇಹವನ್ನು ಪ್ರೀತಿ ಅಂತ ತಿಳಿದುಕೊಳ್ಳುವವರೂ ಇರುತ್ತಾರೆ. ನಿಮಗೆ ಆ ಮನಸ್ಸಿಲ್ಲದಿದ್ದರೆ ಮೊದಲ ಸುಳಿವಿನಲ್ಲೇ ನೇರವಾಗಿ ಹೇಳಿ, ತಮಾಷೆ ಮಾಡಿ ತೇಲಿಸಬೇಡಿ. ಇನ್ನೊಂದು ಅಪಾಯದ ಬಗ್ಗೆ ಯಾರೂ ಹೇಳುವುದಿಲ್ಲ. ಗುಂಪು ಒಡೆಯುತ್ತದೆ. ಒಬ್ಬರಿಗೆ ಪರೀಕ್ಷೆ, ಒಬ್ಬರಿಗೆ ಮದುವೆ, ಒಬ್ಬರಿಗೆ ನೈಟ್ ಶಿಫ್ಟ್. ನನ್ನ ಹತ್ತಿರ ಬಂದ ಒಬ್ಬ ಹುಡುಗ ಎರಡು ವರ್ಷದ ಸ್ಕ್ವಾಡ್ ಒಡೆದಾಗ ಊಟ ಬಿಟ್ಟಿದ್ದ. ಮನೆಯಲ್ಲಿ ‘ಗೇಮ್‌ಗೆ ಹೀಗೆ ಅಳ್ತಾರಾ’ ಅಂದರಂತೆ. ಅವನು ಅತ್ತದ್ದು ಗೇಮ್‌ಗೆ ಅಲ್ಲ, ಮೂವರು ಗೆಳೆಯರಿಗೆ. ಅದಕ್ಕೇ ಎಲ್ಲ ಸ್ನೇಹವನ್ನೂ ಒಂದೇ ಗುಂಪಿನಲ್ಲಿ ಇಡಬೇಡಿ ಅನ್ನುತ್ತೇನೆ.

ಎರಡನೇ ಗುಂಪು ನಿಮ್ಮ ಪಿಜಿಯಲ್ಲೇ ಇದೆ. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಸಂಸಾರಸ್ಥ ವಿದ್ಯಾರ್ಥಿಗಳ ವಸತಿಗಳ ಬಗ್ಗೆ 1950ರಲ್ಲಿ ಬಂದ ಅಧ್ಯಯನ ಇವತ್ತಿಗೂ ನನಗೆ ಕೆಲಸಕ್ಕೆ ಬರುತ್ತದೆ. ಯಾರು ಯಾರಿಗೆ ಸ್ನೇಹಿತರಾದರು ಅಂತ ನೋಡಿದರೆ ಎಲ್ಲಕ್ಕಿಂತ ಹೆಚ್ಚು ಪಕ್ಕದ ಬಾಗಿಲಿನವರು. ನೀವು ಊಟದ ತಟ್ಟೆ ಹಿಡಿದುಕೊಂಡು ರೂಮಿಗೆ ಹೋಗುತ್ತೀರಿ ಅಂತ ನನ್ನ ಊಹೆ. ವಾರಕ್ಕೆ ಎರಡು ದಿನ ಪಿಜಿಯ ಹಾಲ್‌ನಲ್ಲೇ ಕೂತು ಊಟ ಮಾಡಿ. ಮನೆಯಿಂದ ಬರುವಾಗ ಚೌಕಾಬಾರದ ಕವಡೆ ತನ್ನಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಲೂಡೊ ಬೋರ್ಡು. ಭಾನುವಾರ ಮಧ್ಯಾಹ್ನ ಹಾಲ್‌ನಲ್ಲಿ ಹರಡಿ. ಆಟ ನಡೆಸುವುದು ನಿಮಗೆ ಗೊತ್ತಿರುವ ವಿದ್ಯೆ ಅಲ್ವಾ? ಪರದೆ ಇಲ್ಲ ಅನ್ನುವುದೊಂದೇ ವ್ಯತ್ಯಾಸ. ನಗರದಲ್ಲಿ ಬೋರ್ಡ್ ಗೇಮ್ ಕೆಫೆಗಳೂ ಇವೆ, ವಾರಾಂತ್ಯದಲ್ಲಿ ಒಬ್ಬರೇ ಹೋದರೂ ಯಾವುದಾದರೂ ಮೇಜಿಗೆ ಸೇರಿಸಿಕೊಳ್ಳುವ ಕಡೆ ನೋಡಿ ಹೋಗಿ. ಕಟ್ಟಾನ್, ಕೋಡ್‌ನೇಮ್ಸ್ ಥರದ ಆಟ ಕಲಿಯಲು ಅರ್ಧ ಗಂಟೆ ಸಾಕು. ಒಂದು ಸಲ ಹೋಗಿ ‘ಯಾರೂ ಸೆಟ್ ಆಗಲಿಲ್ಲ’ ಅಂತ ಬಿಡಬೇಡಿ. ಒಂದೇ ಜಾಗಕ್ಕೆ, ವಾರದ ಅದೇ ದಿನ, ಆರು ಸಲ ಹೋಗಿ. ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ನಡೆಯುವ, ಕಾಮಿಕ್ಸ್, ಗೇಮ್ ಪ್ರಿಯರ ಜಾತ್ರೆಯಾದ ಕಾಮಿಕ್ ಕಾನ್ ನೋಡಲು ಚೆನ್ನ, ಆದರೆ ಸ್ನೇಹಕ್ಕೆ ಅದೂ ಮೆಜೆಸ್ಟಿಕ್ಕೇ. ಪರಿಚಯದವರ ಜೊತೆ ಹೋಗಿ.

ಆಫೀಸಿನಲ್ಲಿ ಆ ಸುಳ್ಳನ್ನು ನಿಲ್ಲಿಸಿ. ಪುಸ್ತಕ ಅಂದ ಮೇಲೆ ಯಾರಾದರೂ ‘ಏನು ಓದ್ತಿದ್ದೀರಿ’ ಅಂತ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನಿಜ ಹೇಳಿ, ಆದರೆ ಆಟದ ಭಾಷೆಯಲ್ಲಿ ಬೇಡ, ಕಥೆ ಹೇಳಿ. ‘ನಿನ್ನೆ ನಮ್ಮ ನಾಲ್ಕೂ ಜನ ಔಟ್, ನಾನೊಬ್ಬಳೇ ಉಳಿದೆ, ಎದುರಿಗೆ ಮೂವರು, ಕೈಯೆಲ್ಲಾ ನಡುಕ’ ಅಂದರೆ ಕ್ರಿಕೆಟ್ ನೋಡುವ ಯಾರಿಗೂ ಅರ್ಥವಾಗುತ್ತದೆ. ಆಮೇಲೆ ಅವರ ಟ್ರೆಕ್ ಬಗ್ಗೆಯೂ ನೀವು ಕೇಳಬೇಕು, ಮನಸ್ಸಿಟ್ಟು ಕೇಳಬೇಕು. ‘ನಾನು ಹೇಳಿದ್ದು ಅವರಿಗೆ ಬೋರಾಯ್ತೇನೋ’ ಅಂತ ರಾತ್ರಿ ಯೋಚನೆ ಬರುತ್ತದೆ. 2018ರ ಇನ್ನೊಂದು ಅಧ್ಯಯನದಲ್ಲಿ ಅಪರಿಚಿತರನ್ನು ಕೂರಿಸಿ ಮಾತಾಡಿಸಿ, ಎದುರಿನವರು ನಿಮ್ಮನ್ನು ಎಷ್ಟು ಇಷ್ಟಪಟ್ಟರು ಅಂತ ಕೇಳಿದರು. ಜನ ಅಂದುಕೊಂಡದ್ದಕ್ಕಿಂತ ಎದುರಿನವರು ಅವರನ್ನು ಜಾಸ್ತಿಯೇ ಇಷ್ಟಪಟ್ಟಿದ್ದರು.

ಒಂದು ಎಚ್ಚರ ಮಾತ್ರ ಇಟ್ಟುಕೊಳ್ಳಿ. ಯಾರಾದರೂ ಊಟಕ್ಕೆ ಕರೆದಾಗ ‘ಮ್ಯಾಚ್ ಇದೆ’ ಅಂತ ನೀವು ತಪ್ಪಿಸಿಕೊಳ್ಳಲು ಶುರು ಮಾಡಿದರೆ, ಆಟ ಖುಷಿ ಕೊಡದಿದ್ದರೂ ಎದ್ದು ಹೋಗಲು ಆಗದಿದ್ದರೆ, ಆಗ ನನ್ನ ಉತ್ತರ ಬೇರೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್ ಕ್ಲಿನಿಕ್’ ಇದೆ, ಮೊಬೈಲ್, ಗೇಮ್ ಬಳಕೆಯ ತೊಂದರೆಗಳನ್ನೇ ನೋಡುತ್ತಾರೆ. ಒಂಟಿತನ ತಡೆಯಲಾಗದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೊನೆಗೆ ಕೊಯಮತ್ತೂರಿನವರು. ನಾಲ್ಕು ತಿಂಗಳು, ವಾರಕ್ಕೆರಡು ಸಲ. ನಿಮಗೆ ಗೊತ್ತಿಲ್ಲದೇ ನೀವು 50 ಗಂಟೆ ದಾಟಿರಬಹುದು. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಭೇಟಿಗೆ ಇನ್ನೂ ಒಂದು ತಿಂಗಳಿದೆ, ಅದನ್ನು ಬಳಸಿಕೊಳ್ಳಿ. ಈ ವಾರ ಪಾರ್ಟಿ ವಾಯ್ಸ್‌ನಲ್ಲಿ ಮಾತಾಡಿ. ಹೆಸರು ಹೇಳಿ, ಹೆಸರು ಕೇಳಿ. ಮುಂದಿನ ವಾರ ಹತ್ತು ನಿಮಿಷ ವಿಡಿಯೊ ಕಾಲ್. ಹೇಳಿದ ವಯಸ್ಸು, ಕೆಲಸ, ಮಾತು ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ಭೇಟಿಯ ಜಾಗ ನೀವೇ ಆರಿಸಿ. ಹಗಲು ಹೊತ್ತು, ಜನ ಇರುವ ದರ್ಶಿನಿಯೋ ಮಾಲೋ ಆಗಲಿ, ಪಿಜಿಯಿಂದ ದೂರ ಇರಲಿ. ನಿಮ್ಮ ಗಾಡಿಯಲ್ಲಿ ಅಥವಾ ಮೆಟ್ರೊದಲ್ಲಿ ಹೋಗಿ, ಅವರ ಗಾಡಿ ಹತ್ತಬೇಡಿ. ಪಿಜಿಯ ಒಬ್ಬರಿಗೆ ಲೊಕೇಶನ್ ಕಳಿಸಿ, ಒಂದು ಗಂಟೆ ಬಿಟ್ಟು ಫೋನ್ ಮಾಡಲು ಹೇಳಿ. ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ‘ಮೊದಲ ಸಲ ಅಲ್ವಾ, ನನ್ನ ಫ್ರೆಂಡ್ ಕೂಡ ಬರ್ತಾಳೆ’ ಅಂತ ಮುಂಚೆಯೇ ಹೇಳಿ. ಒಳ್ಳೆಯ ಮನಸ್ಸಿನವರು ‘ಖಂಡಿತ ಬರ್ಲಿ’ ಅನ್ನುತ್ತಾರೆ. ಕೋಪ ಮಾಡಿಕೊಂಡರೆ, ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತ ಒತ್ತಾಯ ಮಾಡಿದರೆ ಕಾಫಿ ಬೇಡ. ಹೋಗಿ ಬಂದ ಮೇಲೆ ಹೇಗಾಯಿತು ಅಂತ ನನಗೂ ಒಂದು ಸಾಲು ಬರೆಯಿರಿ.